ಗೇಟು ಸಾಹೇಬರ ಅಕ್ಕ

ಮೂವತ್ತಾರು ವರ್ಷದ ನೌಕರಿಯಲ್ಲಿ ಅವರಿಗೆ ಏಳು ಹುದ್ದೆ, ಇಪ್ಪತ್ತೆರಡು ವರ್ಗಾವಣೆ ಮತ್ತು ಒಂದು ಅಡ್ಡಹೆಸರು ಸಿಕ್ಕಿದವು. ಹುದ್ದೆಗಳನ್ನು ಜನ ಮರೆತರು, ಅಡ್ಡಹೆಸರು ಉಳಿಯಿತು: ಗೇಟು ಸಾಹೇಬರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಾರೆಂದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ಕರೆಯುವವರಿಗೂ ಗೊತ್ತಿತ್ತು.

ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಅವರು ಸೇರಿದ್ದಕ್ಕೆ ಕಾರಣ ಒಂದು ಬಸ್ಸು. ಒಂಬತ್ತು ವರ್ಷವಿದ್ದಾಗ ತಾಯಿ ತೀರಿಕೊಂಡರು. ತಂದೆ ಅದಕ್ಕೂ ಮೊದಲೇ ಇರಲಿಲ್ಲ. ಆಗಷ್ಟೇ ಮದುವೆಯಾಗಿದ್ದ ಹತ್ತೊಂಬತ್ತು ವರ್ಷದ ಅಕ್ಕ ತಮ್ಮನನ್ನು ಕೈಹಿಡಿದು ಗಂಡನ ಮನೆಗೆ ಕರೆದುಕೊಂಡು ಹೋದಳು. ಭಾವ ಬಸ್ ಡ್ರೈವರ್. ಅವರಿದ್ದ ಸಣ್ಣ ಪಟ್ಟಣದಿಂದ ದೊಡ್ಡ ಊರಿಗೆ ಕಾಡಿನ ನಡುವೆ ಹದಿನೆಂಟು ಕಿಲೋಮೀಟರ್ ರಸ್ತೆ. ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಬಸ್ಸು ಭಾವನದು. ದೊಡ್ಡ ಊರಿನ ಶಾಲೆಗೆ ಸೇರಿದ ಹುಡುಗ ಎಂಟು ವರ್ಷ ಎಂಜಿನ್ ಪಕ್ಕದ ಬಿಸಿ ಬಾನೆಟ್ಟಿನ ಮೇಲೆ, ಪುಸ್ತಕದ ಚೀಲವನ್ನೇ ಕೆಳಗೆ ಹಾಕಿಕೊಂಡು ಕೂತು ಹೋಗಿಬಂದ. "ಇವನ ಓದೆಲ್ಲ ಬೆಂದೇ ತಲೆಗೆ ಹೋಗೋದು," ಎಂದು ಭಾವ ಕಂಡಕ್ಟರನ ಹತ್ತಿರ ನಗೆಯಾಡುತ್ತಿದ್ದರು.

ಅವನಿಗೆ ಹದಿಮೂರಿದ್ದಾಗ ಒಂದು ಬೆಳಿಗ್ಗೆ ತಿರುವಿನಲ್ಲಿ ಹೆಣ್ಣುಜಿಂಕೆಯೊಂದು ಬಸ್ಸಿಗೆ ಸಿಕ್ಕಿತು. ಭಾವ ಬ್ರೇಕು ಒತ್ತಿದ್ದರು, ಸಾಲಲಿಲ್ಲ. ಇಳಿದು ಹೋಗಿ ಅದನ್ನು ರಸ್ತೆಯಂಚಿಗೆ ಎಳೆದು ಹಾಕಿದರು, ಹುಲ್ಲಿಗೆ ಕೈ ಒರೆಸಿಕೊಂಡರು, ಬಂದು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತರು. ಹಿಂದಿನಿಂದ ಯಾರೋ, "ಡ್ರೈವರೇ, ಹೊತ್ತಾಯ್ತು," ಎಂದರು. ಭಾವ ಎಂಜಿನ್ ಶುರು ಮಾಡಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಆ ದಿನ ಮನೆಯಲ್ಲಿ ತಟ್ಟೆಯ ಮುಂದೆ ಕೂತವರು ಹಾಗೆಯೇ ಎದ್ದರು.

ಓದು ಮುಗಿಸಿದ ಮೇಲೆ ತಮ್ಮ ಅದೇ ಇಲಾಖೆಗೆ ಅರ್ಜಿ ಹಾಕಿದ. ಸಹಾಯಕನಾಗಿ ಸೇರಿದವನು ಅಧಿಕಾರಿಯಾದ, "ಅವನು" ಹೋಗಿ "ಅವರು" ಆದರು. ಮದುವೆಯ ಮಾತು ಒಂದೇ ಸಲ ಬಂದಿತ್ತು. ಹುಡುಗಿಯ ಕಡೆಯವರು ಅವರ ಬಿಡಾರ ನೋಡಲು ಬಂದರು. ಒಂದು ಟ್ರಂಕು, ಒಂದು ಮಡಚುವ ಕುರ್ಚಿ, ಒಂದು ಸೀಮೆಎಣ್ಣೆ ಸ್ಟೌವು. ಅತಿ ಹತ್ತಿರದ ನೆರೆಮನೆ ಹದಿನಾಲ್ಕು ಕಿಲೋಮೀಟರ್ ದೂರ. "ಹುಡುಗ ಬಂಗಾರ, ಆದರೆ ನಮ್ಮ ಹುಡುಗಿ ಸ್ವಲ್ಪ ಮಾತಾಡೋಳು," ಎಂದು ಹೇಳಿ ಕಳಿಸಿದರು. ಅಕ್ಕನಿಗೆ ಸಿಟ್ಟು ಬಂತು. ಅವರಿಗೆ ಮಾತ್ರ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ನಲವತ್ತೊಂದನೇ ವಯಸ್ಸಿಗೆ ಭಾವನ ರಸ್ತೆಯಿದ್ದ ಉದ್ಯಾನವೇ ಅವರ ಕೈಗೆ ಬಂತು. ಅಷ್ಟರಲ್ಲಿ ಆ ರಸ್ತೆಯಲ್ಲಿ ಒಂದು ಬಸ್ಸಲ್ಲ, ದಿನಕ್ಕೆ ಸಾವಿರ ವಾಹನ. ಉಬ್ಬು ಹಾಕಿಸಿದರು, ಫಲಕ ನೆಟ್ಟರು, ವೇಗದ ಮಿತಿ ತಂದರು. ಉಬ್ಬುಗಳನ್ನು ಯಾರೋ ಅಗೆದು ಹಾಕಿದರು, ಫಲಕಗಳು ಕಳುವಾದವು. ಬೆಳಿಗ್ಗೆ ಬೆಳಿಗ್ಗೆ ಜೀಪಿನಲ್ಲಿ ಹೋಗಿ ರಸ್ತೆಯಿಂದ ಜಿಂಕೆ, ನರಿ, ಮುಳ್ಳುಹಂದಿಗಳ ಹೆಣ ತೆಗೆಸುವುದೇ ಸಿಬ್ಬಂದಿಯ ಮೊದಲ ಕೆಲಸವಾಯಿತು. ಆರು ವರ್ಷ ನೋಡಿದರು. ಆಮೇಲೆ ರಸ್ತೆಯನ್ನು ಪೂರ್ತಿ ಮುಚ್ಚಬೇಕೆಂದು ವರದಿ ಬರೆದು, ಮೇಲಿನವರ ಬೆನ್ನು ಬಿಡದೆ ಒಪ್ಪಿಗೆ ತಂದರು.

ಆದೇಶಕ್ಕೆ ಸಹಿ ಹಾಕುವ ಹಿಂದಿನ ಭಾನುವಾರ ಅಕ್ಕನ ಮನೆಗೆ ಹೋಗಿ ವಿಷಯ ಹೇಳಿದರು. ಭಾವ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ.

"ಹಂಗಾದ್ರೆ ನನ್ನ ಬಸ್ಸು ಯಾವ ಕಡೆ ಹೋಗ್ಬೇಕೋ?"

"ಸುತ್ತು ದಾರಿ ಭಾವ. ಎಪ್ಪತ್ತೆರಡು ಕಿಲೋಮೀಟರ್."

ಭಾವ ಲೋಟ ಕೆಳಗಿಟ್ಟು ಲೆಕ್ಕ ಹಾಕುವವರಂತೆ ಗೋಡೆ ನೋಡಿದರು. "ಹ್ಞೂಂ. ಆ ಮೂಕಪ್ರಾಣಿಗಳಾದ್ರೂ ಎಷ್ಟು ಅಂತ ಸಾಯ್ತವೆ. ಮುಚ್ಚು."

"ಊರೋರು ನಮ್ಮನೆ ಮೇಲೆ ಕಲ್ಲು ಹೊಡೀತಾರೆ," ಎಂದಳು ಅಕ್ಕ.

"ಹೊಡೀಲಿ ಬಿಡೇ. ಹೆಂಚು ಹೆಂಗೂ ಹಳೇದಾಗಿದೆ."

ಮೂವರೂ ನಕ್ಕರು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆಯಾಯಿತು.

ರಸ್ತೆಯ ಎರಡೂ ತುದಿಗೆ ಗೇಟು ಬಿತ್ತು. ಯಾರೂ ಕಲ್ಲು ಹೊಡೆಯಲಿಲ್ಲ. ಅಂಗಡಿಯವರು ಅಕ್ಕನ ಜೊತೆ ಬೇಕಾದಷ್ಟೇ ಮಾತಾಡತೊಡಗಿದರು, ಅಷ್ಟೆ. ಒಂದೂವರೆ ವರ್ಷದ ಮೇಲೆ, ಒಂದು ಬೇಸಿಗೆಯಲ್ಲಿ, ಉದ್ಯಾನದ ಉತ್ತರದ ಅಂಚಿಗೆ ಬೆಂಕಿ ಬಿತ್ತು. ಅವರು ಸಿಬ್ಬಂದಿಯ ಜೊತೆ ಹಸಿಕೊಂಬೆ ಹಿಡಿದು ಬೆಂಕಿಯ ಗೆರೆಯಲ್ಲಿ ನಿಂತಿದ್ದರು. ನಾಲ್ಕನೇ ದಿನ ಜೀಪಿನ ಡ್ರೈವರ್ ಒಂದು ಚೀಟಿ ತಂದುಕೊಟ್ಟ. ಭಾವನಿಗೆ ಮಧ್ಯಾಹ್ನ ಎದೆನೋವು ಬಂದಿತ್ತು. ಪಕ್ಕದ ಮನೆಯವರ ವ್ಯಾನಿನಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ ಸುತ್ತು ದಾರಿಯಲ್ಲಿ ಕರೆದೊಯ್ಯುವಾಗ, ಐವತ್ತನೇ ಕಿಲೋಮೀಟರಿನ ಹತ್ತಿರ ಪ್ರಾಣ ಹೋಗಿತ್ತು. ಅದಾಗಿ ಆಗಲೇ ಎರಡು ದಿನ ಕಳೆದಿತ್ತು. ಎಲ್ಲ ಮುಗಿದಿತ್ತು.

ಬೆಂಕಿ ಆರಿದ ಮರುದಿನ ಅವರು ಹೊರಟರು. ಅಕ್ಕನ ಬೀದಿಯ ತಿರುವಿನಲ್ಲಿ ಇಳಿದು, ಕಾಲು ಮುಂದೆ ಬಾರದೆ, ಎದುರಿನ ಚಹಾದಂಗಡಿಯಲ್ಲಿ ಕೂತರು. ಹೊಗೆಯಿಂದ ಕಪ್ಪಾಗಿದ್ದ ಮುಖವನ್ನು ಯಾರೂ ಗುರುತಿಸಲಿಲ್ಲ.

"ಗೇಟು ಮುಚ್ಚಿಸಿದೋನು ಬಾಮೈದ, ಸುತ್ತು ದಾರೀಲಿ ಸತ್ತೋನು ಭಾವ. ಏನು ಹೇಳ್ತೀಯ ಇದಕ್ಕೆ?" ಎಂದ ಒಬ್ಬ.

"ಗೇಟ್ ಹತ್ರ ಹೋಗಿದ್ರಂತಾ?"

"ಹೋಗಿರ್ತಾರೆ. ಅವನು ಬಿಟ್ಟಿರಲ್ಲ."

ಅರ್ಧ ಲೋಟ ಚಹಾ ಹಾಗೆಯೇ ಬಿಟ್ಟು ಎದ್ದ ಅವರು ಬಂದ ಬಸ್ಸಿನಲ್ಲೇ ಹಿಂತಿರುಗಿದರು. ಬಿಡಾರಕ್ಕೆ ಬಂದು ಅಕ್ಕನಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಇನ್ನೆರಡು ಬರೆದರು. ಫೋನು ಮಾಡಿದಾಗ ಅಕ್ಕನ ಮಗಳು ಎತ್ತಿಕೊಂಡು, ಪಿಸುದನಿಯಲ್ಲಿ, "ಮಾವ, ಅಮ್ಮ ಮಾತಾಡಲ್ಲ ಅಂತಿದ್ದಾಳೆ. ನೀವು ಬೇಜಾರು ಮಾಡ್ಕೋಬೇಡಿ," ಎಂದಳು. ಆಮೇಲೆ ಅವರೂ ಮಾಡಲಿಲ್ಲ.

ಆ ಮಧ್ಯಾಹ್ನ ವ್ಯಾನು ಗೇಟಿನ ಹತ್ತಿರ ಬಂದಿತ್ತೇ, ಕಾವಲುಗಾರ ಅದನ್ನು ತಿರುಗಿಸಿ ಕಳಿಸಿದನೇ ಎಂಬುದು ಗೇಟಿನ ರಿಜಿಸ್ಟರಿನಲ್ಲಿ ಇದ್ದೇ ಇರುತ್ತಿತ್ತು. ತಪಾಸಣೆಗೆ ಹೋದಾಗಲೆಲ್ಲ ಅವರು ಪುಟಪುಟಕ್ಕೂ ಸಹಿ ಹಾಕುತ್ತಿದ್ದರು. ಆ ತಿಂಗಳ ಪುಟಗಳನ್ನು ಮಾತ್ರ ಎರಡು ಬೆರಳಲ್ಲಿ ಒಟ್ಟಾಗಿ ಹಿಡಿದು ಮಗುಚಿಬಿಡುತ್ತಿದ್ದರು. ಕಾವಲುಗಾರನನ್ನೂ ಕೇಳಲಿಲ್ಲ. ಹೌದು ಎಂದುಬಿಟ್ಟರೆ ಅವನ ಮುಖವನ್ನು ಮತ್ತೆ ನೋಡುವುದು ಹೇಗೆ? ಅವನು ಪಾಲಿಸಿದ್ದು ತಮ್ಮದೇ ಆದೇಶವಲ್ಲವೇ?

ನಂತರ ಬಡ್ತಿಗಳು ಬಂದವು. ಕೊನೆಗೆ ಎಲ್ಲ ಉದ್ಯಾನಗಳ ಮೇಲಿನ ಅಧಿಕಾರಿಯಾಗಿ ನಗರದ ಮುಖ್ಯ ಕಚೇರಿಗೆ ಬಂದು ಕೂತರು. ಮೂರನೇ ಮಹಡಿ, ಕಿಟಕಿ ತೆರೆದರೆ ಇನ್ನೊಂದು ಕಚೇರಿಯ ಗೋಡೆ. ಮೇಜಿನ ಹಿಂದೆ ಹನ್ನೊಂದು ಉದ್ಯಾನಗಳ ನಕ್ಷೆ. ಒಂದು ಕಾಲಕ್ಕೆ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದವರು ಈಗ ಕಡತಗಳಲ್ಲಿ ಕಾಡು ನೋಡುತ್ತಿದ್ದರು. ಸಂಜೆ ಐದೂವರೆಗೆ ಕಾರಿಡಾರಿನಲ್ಲಿ ಊಟದ ಡಬ್ಬಿಗಳು ಖಣಖಣ ಎನ್ನುತ್ತ ಮನೆಗೆ ಹೊರಡುವ ಹೊತ್ತಿಗೆ ಅವರು ಯಾವುದಾದರೂ ವಲಯ ಕಚೇರಿಗೆ ಫೋನು ಮಾಡುತ್ತಿದ್ದರು.

"ಕೆರೇಲಿ ನೀರುನಾಯಿ ಕಾಣಿಸ್ತಾ?"

"ಇಲ್ಲ ಸರ್, ಈ ವಾರ ಇಲ್ಲ."

"ಮರಿ ಹಾಕಿದ್ವಲ್ಲ, ಅವು?"

"ನೋಡಿ ತಿಳಿಸ್ತೀನಿ ಸರ್."

ಇಷ್ಟೇ. ಸಾಹೇಬರಿಗೆ ನೀರುನಾಯಿಯ ಹುಚ್ಚು ಎಂದು ವಲಯದವರು ತಿಳಿದುಕೊಂಡಿದ್ದರು. ಒಬ್ಬ ಜಾಣ ಅಧಿಕಾರಿ ಅವರನ್ನು ಮೆಚ್ಚಿಸಲು ಇಲ್ಲದ ನೀರುನಾಯಿಗಳನ್ನೂ ವಾರವಾರ ಕಾಣತೊಡಗಿದ. ಸುಳ್ಳೆಂದು ಗೊತ್ತಿದ್ದೂ ಅವರು ಕೇಳಿಸಿಕೊಳ್ಳುತ್ತಿದ್ದರು. ಅವನಾದರೂ ಸ್ವಲ್ಪ ಉದ್ದಕ್ಕೆ ಮಾತಾಡುತ್ತಿದ್ದ.

ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ, ಮುಚ್ಚಿದ ರಸ್ತೆಯನ್ನು ಮತ್ತೆ ತೆರೆಯಬೇಕೆಂದು ಪಟ್ಟಣದವರು ಅರ್ಜಿ ಕೊಟ್ಟರು. ಜನರ ಅಹವಾಲು ಕೇಳಿ ವರದಿ ಕೊಡುವಂತೆ ಅವರಿಗೇ ಆದೇಶ ಬಂತು. ಉದ್ಯಾನದ ಕಚೇರಿಯ ಸಭಾಂಗಣದಲ್ಲಿ ಸಭೆ ಎಂದಾಯಿತು. ಮಾತಾಡುವವರ ಪಟ್ಟಿಯನ್ನು ಗುಮಾಸ್ತ ಮುಂದಿಟ್ಟಾಗ ಹನ್ನೊಂದನೇ ಸಾಲಿನಲ್ಲಿ ಅಕ್ಕನ ಹೆಸರಿತ್ತು. ಹೆಸರಿನ ಮುಂದೆ, "ಮಹಿಳೆಯರ ಪರವಾಗಿ."

ಸಭಾಂಗಣ ತುಂಬಿತ್ತು. ವರ್ತಕರ ಸಂಘದ ಅಧ್ಯಕ್ಷ ಅರ್ಧ ಗಂಟೆ ಗುಡುಗಿದ. ಶಾಲೆಯ ಮೇಷ್ಟ್ರು ಮಕ್ಕಳ ಕಷ್ಟ ಹೇಳಿದರು. ಹನ್ನೊಂದನೆಯವರನ್ನು ಕರೆದಾಗ ಹಿಂದಿನ ಸಾಲಿನಿಂದ ಅಕ್ಕ ಎದ್ದಳು. ಎಪ್ಪತ್ತು ವರ್ಷ, ತಲೆ ಪೂರ್ತಿ ಬೆಳ್ಳಗಾಗಿತ್ತು, ಊರುಗೋಲು ಹಿಡಿದಿದ್ದಳು. ಹನ್ನೊಂದೂವರೆ ವರ್ಷದ ಮೇಲೆ ಅವರು ಅಕ್ಕನ ಮುಖ ನೋಡುತ್ತಿದ್ದರು. ಎದ್ದು ನಿಲ್ಲಬೇಕೆನಿಸಿತು. ಅಧ್ಯಕ್ಷತೆ ವಹಿಸಿದವರು ಹಾಗೆ ಏಳುವಂತಿರಲಿಲ್ಲ.

"ಸಾಹೇಬರೇ," ಎಂದಳು ಅಕ್ಕ. "ರಸ್ತೆ ತೆಗೀರಿ ಅಂತ ಕೇಳೋಕೆ ನಾನು ಬಂದಿಲ್ಲ."

ವರ್ತಕರ ಸಂಘದವನು ತಿರುಗಿ ನೋಡಿದ.

"ರಸ್ತೆ ಮುಚ್ಚೇ ಇರ್ಲಿ. ಆದ್ರೆ ಕಾಯಿಲೆಯವರನ್ನ ಕರ್ಕೊಂಡು ಹೋಗೋ ಗಾಡೀನ ಯಾರ ಅಪ್ಪಣೆನೂ ಕೇಳದೆ ಬಿಡ್ಬೇಕು. ಹೆರಿಗೆ ನೋವಾಗ್ಲಿ, ಎದೆನೋವಾಗ್ಲಿ. ಅಷ್ಟು ಮಾಡಿಕೊಡಿ."

ಅವರು ಮುಂದಿದ್ದ ಕಡತದಿಂದ ಹಳೆಯ ಆದೇಶವನ್ನು ತೆಗೆದರು. ಅದರ ಒಂದೊಂದು ಅಕ್ಷರವೂ ಅವರದೇ.

"ಅದು... ಅದು ಆಗಲೇ ಇದೆ," ಎಂದರು. "ಒಂಬತ್ತನೇ ಕಲಂ. ತುರ್ತು ಚಿಕಿತ್ಸೆಯ ವಾಹನಗಳಿಗೆ ನಿರ್ಬಂಧ ಇಲ್ಲ. ಕಾವಲುಗಾರ ತಕ್ಷಣ ಗೇಟು ತೆರೀಬೇಕು ಅಂತಲೇ ಇದೆ."

"ಯಾವಾಗಿಂದ?"

"ಮೊದಲ ದಿನದಿಂದ."

ಅಕ್ಕ ಅವರ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಆಮೇಲೆ ಕೇಳಿದಳು. "ಅದು ಯಾರಿಗೆ ಗೊತ್ತಿತ್ತು?"

ಯಾರಿಗೆ? ಕಾವಲುಗಾರರಿಗೆ ಗೊತ್ತಿತ್ತು. ಕಚೇರಿಗೆ ಗೊತ್ತಿತ್ತು. ಆದೇಶದ ಪ್ರತಿ ಹದಿನಾರು ಕಚೇರಿಗಳಿಗೆ ಹೋಗಿತ್ತು. ಗೇಟಿನ ಮೇಲಿನ ಫಲಕದಲ್ಲಿ ಮಾತ್ರ ಎರಡೇ ಪದ: "ಪ್ರವೇಶ ನಿಷೇಧಿಸಲಾಗಿದೆ." ಆ ಫಲಕದ ಮಾದರಿಗೂ ಅವರೇ ಒಪ್ಪಿಗೆ ಕೊಟ್ಟಿದ್ದರು.

"ಯಾರಿಗೂ ಗೊತ್ತಿರಲಿಲ್ಲ," ಎಂದರು. ಗುಮಾಸ್ತ ಅದನ್ನೂ ನಡಾವಳಿಯಲ್ಲಿ ಬರೆದುಕೊಂಡ.

ಸಭೆ ಮುಗಿಯಿತು. ಅಕ್ಕ ವರಾಂಡದ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಜೊತೆಗೆ ಬಂದವರು ಅವಳ ಮಾತಿಗೆ ಮುನಿಸಿಕೊಂಡು ವ್ಯಾನಿನ ಹತ್ತಿರ ನಿಂತಿದ್ದರು. ಸಾಹೇಬರು ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

"ಅಕ್ಕಾ. ಅವತ್ತು ಗೇಟಲ್ಲಿ ಏನು ಹೇಳಿದ್ರು?"

"ಯಾವ ಗೇಟು? ನಾವು ಗೇಟಿಗೆ ಹೋಗ್ಲೇ ಇಲ್ಲ."

ಅವರು ಅಕ್ಕನನ್ನೇ ನೋಡಿದರು.

"ವ್ಯಾನಿನೋನು ಹೇಳ್ದ, ಗೇಟ್ ಹತ್ರ ಹೋಗೋಣ, ಸಾಹೇಬ್ರ ಭಾವ ಅಂದ್ರೆ ಬಿಡದೆ ಇರ್ತಾರಾ ಅಂತ. ಇವರೇ ಬೇಡ ಅಂದ್ರು. ಎದೆ ಹಿಡ್ಕೊಂಡೇ ಅಂದ್ರು, 'ಅವನ ಗೇಟನ್ನ ಅವನ ಭಾವನೇ ಮೊದಲು ತೆಗೆಸ್ದ ಅಂತ ಆಗ್ಬಾರ್ದು. ನಾಳೆಯಿಂದ ಅವನ ಮಾತು ಯಾರು ಕೇಳ್ತಾರೆ? ಸುತ್ತು ಹೊಡಿ.'" ಅಕ್ಕ ಊರುಗೋಲನ್ನು ಮಗ್ಗುಲು ಬದಲಾಯಿಸಿಟ್ಟಳು. "ಕಾನೂನಲ್ಲೇ ದಾರಿ ಇದೆ ಅಂತ ಗೊತ್ತಿದ್ದಿದ್ರೆ ಬರ್ತಿದ್ರು ಕಣೋ. ಖಂಡಿತ ಬರ್ತಿದ್ರು."

ವ್ಯಾನಿನ ಹತ್ತಿರದಿಂದ ಯಾರೋ ಹಾರ್ನ್ ಮಾಡಿದರು. ಅವರು ಇಷ್ಟು ವರ್ಷ ಕಾವಲುಗಾರನ ತಪ್ಪೋ ತನ್ನ ತಪ್ಪೋ ಎಂದು ತೂಗಿದ್ದೇ ತೂಗಿದ್ದು. ತಪ್ಪು ತನ್ನದೇ, ಆದರೆ ತಾನು ಅಂದುಕೊಂಡ ಕಡೆ ಇರಲಿಲ್ಲ.

"ಇದಕ್ಕೇನಾ ನೀನು ಮಾತು ಬಿಟ್ಟಿದ್ದು?"

"ಇದಕ್ಕಲ್ಲ. ಇದು ನಿಂಗೆ ಗೊತ್ತೇ ಇರ್ಲಿಲ್ವಲ್ಲ. ನೀನು ಬರ್ಲಿಲ್ಲ. ಕಾಗದ ಬರೆದೆ. ಕೊನೇಲಿ ಏನು ಬರ್ದಿದ್ದೆ ನೆನಪಿದ್ಯಾ?"

ನೆನಪಿರಲಿಲ್ಲ.

"ನಿನ್ನ ಸಹಿ, ಅದರ ಕೆಳಗೆ ನಿನ್ನ ಹುದ್ದೆ. ಮುಖ್ಯ ಅಧಿಕಾರಿ, ಆ ಉದ್ಯಾನ, ಈ ವಿಭಾಗ ಅಂತ ಪೂರ್ತಿ. ಮೂರೂ ಕಾಗದದಲ್ಲಿ. ನಾನು ಕೈತುತ್ತು ಹಾಕಿ ಬೆಳೆಸಿದೋನು ನಂಗೆ ಆಫೀಸ್ ಕಾಗದ ಕಳಿಸ್ತಾನೆ ಅಂದ್ಮೇಲೆ, ನಾನು ಯಾರ ಜೊತೆ ಮಾತಾಡ್ಲಿ?"

"ಕೈ ಅಭ್ಯಾಸ ಅಕ್ಕಾ," ಎಂದರು. "ಬಂದಿದ್ದೆ ನಾನು. ಚಹಾದಂಗಡಿ ತನಕ ಬಂದಿದ್ದೆ."

ಅಕ್ಕ ಅವರ ಕಡೆ ತಿರುಗಿದಳು. "ಅಲ್ಲಿಂದ ನಮ್ಮನೆ ಬಾಗಿಲಿಗೆ ಎಷ್ಟು ದೂರ ಇದೆಯೋ, ದಡ್ಡ!" ಎಂದಳು. ಕಣ್ಣು ಒರೆಸಿಕೊಂಡಳು. ಎದ್ದು ನಿಧಾನವಾಗಿ ಮೆಟ್ಟಿಲಿಳಿದು ವ್ಯಾನಿನ ಕಡೆ ಹೋದಳು. ಅವರು ಕೈ ಹಿಡಿಯಲು ಹೋದರು. ಅವಳು ಬೇಡವೆನ್ನಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ರಸ್ತೆ ಮುಚ್ಚಿಯೇ ಇರಲಿ ಎಂದು ಅವರು ವರದಿ ಕೊಟ್ಟರು. ಎರಡೂ ಗೇಟುಗಳಲ್ಲಿ ಆಳೆತ್ತರದ ಫಲಕ ಹಾಕಿಸಿದರು: "ಕಾಯಿಲೆಯವರ ಗಾಡಿಗೆ ತಡೆಯಿಲ್ಲ. ಹಾರ್ನ್ ಮಾಡಿ, ಗೇಟು ತೆರೆಯುತ್ತದೆ." ಭಾಷೆ ಕಚೇರಿಯದಲ್ಲ ಎಂದು ಗುಮಾಸ್ತ ತಕರಾರು ತೆಗೆದ. "ಹಾಗೇ ಇರಲಿ," ಎಂದರು. ಒಂದು ಮಧ್ಯಾಹ್ನ ಗೇಟಿಗೆ ಹೋಗಿ ಹಳೆಯ ರಿಜಿಸ್ಟರನ್ನೂ ತರಿಸಿಕೊಂಡು ಆ ತಿಂಗಳ ಪುಟ ತೆಗೆದರು. ಅವತ್ತಿನ ದಿನಾಂಕದ ಮುಂದೆ "ಯಾವುದೂ ಇಲ್ಲ" ಎಂದಿತ್ತು. ಆ ಕಾವಲುಗಾರ ನಿವೃತ್ತನಾಗಿ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

ಬೀಳ್ಕೊಡುಗೆಯಲ್ಲಿ ಒಂಬತ್ತು ಜನ ಭಾಷಣ ಮಾಡಿದರು, ಒಂದು ದೊಡ್ಡ ಗೋಡೆ ಗಡಿಯಾರ ಕೊಟ್ಟರು. ತನ್ನದೆಂಬ ಗೋಡೆಯೇ ಇಲ್ಲದ ಮನುಷ್ಯ ಅದನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಹೋದರು. ನಗರದಲ್ಲೇ ಎರಡು ಕೋಣೆಯ ಬಾಡಿಗೆ ಮನೆ. ಮೊದಲ ತಿಂಗಳು ಸಂಜೆ ಐದೂವರೆಗೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಒಮ್ಮೆ ವಲಯ ಕಚೇರಿಗೆ ಮಾಡಿಯೂ ಬಿಟ್ಟರು. ಎತ್ತಿದ ಹೊಸಬ, "ಯಾರು ಮಾತಾಡ್ತಿರೋದು?" ಎಂದ. "ರಾಂಗ್ ನಂಬರ್," ಎಂದು ಇಟ್ಟರು.

ಆ ಚಳಿಗಾಲದಲ್ಲಿ ಅಕ್ಕನೇ ಫೋನು ಮಾಡಿದಳು. "ಆ ರಸ್ತೆ ಈಗ ಹೆಂಗಿದೆ ಅಂತ ಒಂದ್ಸಲ ನೋಡ್ಬೇಕು ಕಣೋ. ಕರ್ಕೊಂಡು ಹೋಗ್ತೀಯಾ?"

ಉದ್ಯಾನದ ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತೆ ಹುಡುಗಿಗೆ ಅವರ ಗುರುತಿರಲಿಲ್ಲ. ತುಂಬಲು ಅರ್ಜಿ ಕೊಟ್ಟಳು. ಉದ್ಯೋಗ ಎಂಬಲ್ಲಿ "ಇಲ್ಲ" ಎಂದು ಬರೆದರು. ಭೇಟಿಯ ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು. ಆ ನಮೂನೆಯನ್ನು ಸಿದ್ಧಮಾಡಿದವರೂ ಅವರೇ. ಅದಕ್ಕೆ ಉತ್ತರ ಬರೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

"ಏನಾದ್ರೂ ಬರೀರಿ ಅಂಕಲ್, ಯಾರೂ ಓದಲ್ಲ," ಎಂದಳು ಹುಡುಗಿ.

ಅಕ್ಕ ಪಕ್ಕಕ್ಕೆ ತಿರುಗಿ ನಕ್ಕಳು.

ಇಬ್ಬರೂ ಒಂದು ಕಿಲೋಮೀಟರಿನಷ್ಟು ನಡೆದರು. ಡಾಂಬರಿನ ಬಿರುಕುಗಳಲ್ಲಿ ಮೊಣಕಾಲೆತ್ತರದ ಹುಲ್ಲು ಬೆಳೆದಿತ್ತು. ನಡುರಸ್ತೆಯಲ್ಲಿ ಒಂದು ಎಳೆ ಮರವೇ ಎದ್ದಿತ್ತು. ಯಾವ ಪ್ರಾಣಿಯೂ ಕಾಣಲಿಲ್ಲ. ಬಹಳ ದೂರದಲ್ಲಿ ಏನೋ ಒಣ ಎಲೆ ತುಳಿದ ಸದ್ದು ಬಂದು ನಿಂತಿತು. ಅಕ್ಕ ಕಾಲು ಸೋತು ಕಿಲೋಮೀಟರ್ ಕಲ್ಲಿನ ಮೇಲೆ ಕೂತಳು.

"ಇಷ್ಟು ವರ್ಷ ಒಬ್ಬನೇ ಇದ್ಯಲ್ಲೋ ಇಂಥಾ ಕಡೆ," ಎಂದಳು. "ಭಯ ಆಗ್ತಿರ್ಲಿಲ್ವಾ?"

"ಕಾಡಲ್ಲಿ ಆಗ್ತಿರ್ಲಿಲ್ಲ," ಎಂದರು.

ಅವಳು ಉಸಿರು ಸುಧಾರಿಸಿಕೊಂಡು ಎದ್ದಳು. ಹಿಂತಿರುಗುವಾಗ ಅವರ ತೋಳು ಹಿಡಿದಿದ್ದಳು.

ಅಕ್ಕ ತನ್ನ ಜೊತೆಗೇ ಬಂದು ಇರು ಎಂದು ಕರೆಯಲಿಲ್ಲ, ಅವರೂ ಕೇಳಲಿಲ್ಲ. ಹಳೆಯ ಸಲುಗೆ ಪೂರ್ತಿಯಾಗಿ ಮರಳಿ ಬರಲಿಲ್ಲ. ಅಷ್ಟು ವರ್ಷದ ಮೌನ ಇಬ್ಬರಿಗೂ ರೂಢಿಯಾಗಿಹೋಗಿತ್ತು. ತಿಂಗಳಿಗೊಮ್ಮೆ ಅವರು ಸುತ್ತು ದಾರಿಯ ಬಸ್ಸಿನಲ್ಲಿ ಹೋಗಿ ಊಟ ಮಾಡಿ ಬರುತ್ತಾರೆ. ಉಳಿದ ದಿನ ಎರಡು ಕೋಣೆ, ಒಂದು ಸ್ಟೌವು, ಪತ್ರಿಕೆ. ಬೆಳಿಗ್ಗೆ ಎಂಟಕ್ಕೆ ಮಾತ್ರ ಫೋನು ಬರುತ್ತದೆ.

"ಎದ್ಯಾ?"

"ಎದ್ದೆ ಅಕ್ಕಾ."

"ತಿಂದ್ಯಾ?"

"ಇನ್ನು ತಿನ್ನಬೇಕು."

"ಸರಿ, ಇಡ್ತೀನಿ."

ಅವಳು ಇಟ್ಟ ಮೇಲೂ ಅವರು ಸ್ವಲ್ಪ ಹೊತ್ತು ಫೋನನ್ನು ಕಿವಿಯಿಂದ ತೆಗೆಯುವುದಿಲ್ಲ.